ಚಿಟ್ಟೆಯ ಲಕ್ಷಣವೂ ಅಕ್ಷರದ ಸಾಕ್ಷ್ಯವೂ

ಒಂದು ವಸ್ತುವನ್ನು ಉಳಿದವುಗಳಿಂದ ಬೇರ್ಪಡಿಸಿ ತೋರಿಸತಕ್ಕ ಧರ್ಮವೇ ಅದರ ಲಕ್ಷಣವೆಂದು ತಾರ್ಕಿಕರು ಹೇಳುತ್ತಾರೆ. ಲಕ್ಷಣಕ್ಕೆ ಅವರು ಮೂರು ದೋಷಗಳನ್ನು ಎಣಿಸಿದ್ದಾರೆ. ಕೊಂಬುಳ್ಳದ್ದೇ ಹಸುವೆಂದರೆ ಎಮ್ಮೆಯೂ ಹಸುವಾಗಬೇಕಾದೀತು, ಇದು ಅತಿವ್ಯಾಪ್ತಿ. ಕಪಿಲವರ್ಣದ್ದೇ ಹಸುವೆಂದರೆ ಬಿಳಿಯ ಹಸು ಹೊರಗುಳಿದೀತು, ಇದು ಅವ್ಯಾಪ್ತಿ. ಒಂಟಿಗೊರಸುಳ್ಳದ್ದೇ ಹಸುವೆಂದರೆ ಲೋಕದಲ್ಲಿ ಒಂದು ಹಸುವೂ ದೊರೆಯದು, ಇದು ಅಸಂಭವ. ಈ ಮೂರನ್ನೂ ಪರಿಹರಿಸಿಕೊಂಡದ್ದೇ ಸಲ್ಲಕ್ಷಣ. ಹಸು ಎಮ್ಮೆಗಳ ವಿಷಯದಲ್ಲಿಯೇ ಇಷ್ಟು ಎಚ್ಚರ ಬೇಕಾದರೆ, ರೆಕ್ಕೆಯ ಬಣ್ಣ, ಮೈಯ ಅಳತೆ, ಹಾರುವ ರೀತಿ ಎಲ್ಲವೂ ಒಂದೇ ಎಂಬಂತಿರುವ ಚಿಟ್ಟೆಗಳ ವಿಷಯದಲ್ಲಿ ಎಷ್ಟು ಎಚ್ಚರ ಬೇಕೆಂಬುದನ್ನು ಊಹಿಸಬಹುದು. ಅಂತಹ ಚಿಟ್ಟೆಗಳಿಗೆ ಅವುಗಳ ಜೀವಕಣದೊಳಗಿನ ಡಿ.ಎನ್.ಎ. ಎಂಬ ವಂಶಲಿಪಿಯ ಒಂದು ತುಣುಕಿನಿಂದಲೇ ಲಕ್ಷಣವನ್ನು ಹೇಳಿಬಿಡಬಹುದೆಂಬ ವಾದವು ಪ್ರಾಣಿಶಾಸ್ತ್ರಜ್ಞರಲ್ಲಿ ಇಪ್ಪತ್ತು ವರ್ಷಗಳಿಗೂ ಮಿಕ್ಕು ಚರ್ಚೆಗೆ ಒಳಗಾಗಿದೆ. ಆ ಚರ್ಚೆಗೆ ಕೇಂದ್ರವಾದ ಪ್ರಬಂಧವೊಂದರ ಗುಣದೋಷವಿವೇಚನೆಯೇ ಪ್ರಕೃತ ಲೇಖನದ ಉದ್ದೇಶ.

ಆ ಪ್ರಬಂಧವು ೨೦೦೪ರಲ್ಲಿ ಅಮೆರಿಕಾದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕರ್ತೃಗಳು ಐವರು: ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾನಿಲಯದ ಪಾಲ್ ಹೆಬರ್ಟ್ ಮತ್ತು ಎರಿನ್ ಪೆಂಟನ್, ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಜಾನ್ ಬರ್ನ್ಸ್, ಮತ್ತು ಮಧ್ಯ ಅಮೆರಿಕಾದ ಕಾಡುಗಳಲ್ಲಿ ಹುಳುಗಳ ಬೆನ್ನು ಹತ್ತಿ ಆಯುಷ್ಯವನ್ನು ಸವೆಸಿದ ಡೇನಿಯಲ್ ಜಾನ್‌ಜೆನ್, ವಿನ್ನಿ ಹಾಲ್‌ವಾಕ್ಸ್ ದಂಪತಿಗಳು. ಶಿರೋನಾಮೆಯ ಮೊದಲ ಮಾತು, ಕನ್ನಡದಲ್ಲಿ ಹೇಳುವುದಾದರೆ, ‘ಒಂದರಲ್ಲಿ ಹತ್ತು ಪ್ರಭೇದಗಳು’. ಆಸ್ಟ್ರಾಪ್ಟಿಸ್ ಫಲ್ಜೆರೇಟರ್ ಎಂಬ ಹೆಸರಿನಿಂದ ೧೭೭೫ರಿಂದ ಒಂದೇ ಪ್ರಭೇದವೆಂದು ಪರಿಗಣಿತವಾಗಿದ್ದ ಚಿಟ್ಟೆಯೊಂದು, ಕೋಸ್ಟರಿಕಾ ದೇಶದ ವಾಯವ್ಯಮೂಲೆಯ ಗ್ವಾನಕಾಸ್ಟೆ ರಕ್ಷಿತಾರಣ್ಯವೊಂದರಲ್ಲಿಯೇ ಕಡಮೆಯೆಂದರೂ ಹತ್ತು ಪ್ರಭೇದಗಳ ಸಮೂಹವೆಂಬುದು ಇದರ ಪ್ರತಿಪಾದ್ಯ.

ಇಲ್ಲಿ ಪ್ರಯೋಗಿಸಿದ ಸಾಧನದ ಸ್ವರೂಪವನ್ನು ಸ್ವಲ್ಪ ತಿಳಿದುಕೊಳ್ಳುವುದು ಅಗತ್ಯ. ಡಿ.ಎನ್.ಎ. ಎಂಬುದು ನಾಲ್ಕೇ ಅಕ್ಷರಗಳಲ್ಲಿ ಬರೆದ ಅತಿದೀರ್ಘವಾದ ಗ್ರಂಥ. ಅದರ ಬಹುಭಾಗವು ಜೀವಕಣದ ಕೇಂದ್ರದಲ್ಲಿರುತ್ತದೆ. ಅಲ್ಪಭಾಗವೊಂದು ಕೇಂದ್ರದ ಹೊರಗೆ ಮೈಟೊಕಾಂಡ್ರಿಯ ಎಂಬ ಸೂಕ್ಷ್ಮಾಂಗಗಳಲ್ಲಿರುತ್ತದೆ. ಕೇಂದ್ರದ ಗ್ರಂಥವು ತಂದೆತಾಯಿಗಳಿಬ್ಬರಿಂದಲೂ ಬರುವುದು. ಮೈಟೊಕಾಂಡ್ರಿಯದ್ದು ತಾಯಿಯಿಂದ ಮಾತ್ರ ಬರುವುದು. ತಲೆಮಾರಿನಿಂದ ತಲೆಮಾರಿಗೆ ಪ್ರತಿ ಇಳಿಯುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ಪಲ್ಲಟವಾಗುತ್ತದೆ. ಓಲೆಗರಿಯ ಪ್ರತಿಗಳನ್ನು ಮುಂದಿಟ್ಟುಕೊಂಡು ಯಾವುದು ಯಾವುದರ ಮೂಲವೆಂದು ಗ್ರಂಥಸಂಪಾದಕನು ಲಿಪಿಕಾರನ ಸ್ಖಾಲಿತ್ಯಗಳಿಂದ ನಿರ್ಣಯಿಸುವಂತೆ, ಜೀವಿಗಳ ಬಂಧುತ್ವವನ್ನು ಈ ಪಲ್ಲಟಗಳಿಂದ ನಿರ್ಣಯಿಸಬಹುದು. ೨೦೦೩ರಲ್ಲಿ ಹೆಬರ್ಟ್ ಮತ್ತು ಅವರ ಸಂಗಡಿಗರು ಮೈಟೊಕಾಂಡ್ರಿಯದ ಒಂದೇ ವಂಶವಾಹಿಯಿಂದ ಸುಮಾರು ೬೫೦ ಅಕ್ಷರಗಳ ತುಣುಕನ್ನು ಆರಿಸಿ, ಪ್ರಾಣಿಗಳ ಪ್ರಭೇದಗಳನ್ನು ಗುರುತಿಸಲು ಇದು ಸಾಕೆಂದು ಸೂಚಿಸಿದರು. ಅಂಗಡಿಯ ಸರಕಿನ ಮೇಲೆ ಅಚ್ಚಾಗಿರುವ ಗೆರೆಗಳ ಗುರುತಿಗೆ ಹೋಲಿಸಿ ಅದಕ್ಕೆ ಬಾರ್‌ಕೋಡ್ ಎಂದು ಹೆಸರಿಟ್ಟರು. ನಿಕಟಸಂಬಂಧವುಳ್ಳ ಇನ್ನೂರು ಚಿಟ್ಟೆ ಪತಂಗಗಳ ಪ್ರಭೇದಗಳಲ್ಲಿ ಅವರು ಮಾಡಿದ ಪರೀಕ್ಷೆ ನೂರಕ್ಕೆ ನೂರು ಫಲಿಸಿತು.

ಆದರೆ ಆ ಪರೀಕ್ಷೆಯಲ್ಲಿ ಮಾದರಿಗಾಗಿ ಎತ್ತಿಕೊಂಡದ್ದು ಒಂದೊಂದು ಪ್ರಭೇದದಿಂದ ಒಂದೊಂದೇ ಜೀವಿಯನ್ನು ಎಂಬುದನ್ನು ಮರೆಯತಕ್ಕದ್ದಲ್ಲ. ಲಕ್ಷಣವು ಹೊರಗಿನವರಿಂದ ಬೇರ್ಪಡಿಸುವುದರಷ್ಟೇ ಮುಖ್ಯವಾಗಿ ಒಳಗಿನವರನ್ನೆಲ್ಲ ಒಂದುಗೂಡಿಸಲೂ ಬೇಕು. ಒಂದು ಮನೆಯ ಒಬ್ಬನನ್ನು ಮಾತ್ರ ಕಂಡವನು ಆ ಮನೆತನದ ಮುಖಲಕ್ಷಣವನ್ನು ವರ್ಣಿಸಹೊರಟರೆ, ಅದು ಆ ಒಬ್ಬನ ವರ್ಣನೆಯಾದೀತೇ ಹೊರತು ಮನೆತನದ್ದಾಗಲಾರದು.

ಗ್ವಾನಕಾಸ್ಟೆಯ ಪ್ರಬಂಧದಲ್ಲಿ ಈ ಕೊರತೆ ಇಲ್ಲ. ಅದೇ ಅದರ ದೊಡ್ಡ ಗುಣ. ಇದರ ಹಿಂದೆ ಇಪ್ಪತ್ತೈದು ವರ್ಷಗಳ ದುಡಿಮೆಯಿದೆ. ಜಾನ್‌ಜೆನ್ ದಂಪತಿಗಳೂ ಅವರಿಂದ ತರಬೇತಾದ ಸ್ಥಳೀಯರೂ ಒಣಗಾಡು, ಮಳೆಗಾಡು, ಮೋಡಗಾಡುಗಳಲ್ಲಿ ತಿರುಗಿ ಈ ಚಿಟ್ಟೆಯ ಎರಡು ಸಾವಿರಕ್ಕೂ ಮೇಲ್ಪಟ್ಟು ಮರಿಹುಳುಗಳನ್ನು ತಂದು, ಒಂದೊಂದನ್ನೂ ಅದು ಯಾವ ಗಿಡದ ಮೇಲೆ ಸಿಕ್ಕಿತೋ ಆ ಗಿಡದ ಎಲೆಯನ್ನೇ ಕೊಟ್ಟು ಸಾಕಿ, ರೆಕ್ಕೆ ಮೂಡುವವರೆಗೂ ಕಾದು, ಎಲೆ, ಹುಳು, ಚಿಟ್ಟೆ ಈ ಮೂರರ ಸಂಬಂಧವನ್ನು ಬರೆದಿಟ್ಟರು. ಬೆಳೆದ ಚಿಟ್ಟೆಗಳು ಬಹುಮಟ್ಟಿಗೆ ಒಂದೇ: ಕಪ್ಪು ಮೈ, ರೆಕ್ಕೆಯ ಬುಡದಲ್ಲಿ ಹೊಳೆಯುವ ನೀಲಿ, ಮುಂದಿನ ರೆಕ್ಕೆಯ ಮೇಲೆ ಬಿಳಿಯ ಪಟ್ಟೆ. ಪ್ರಭೇದನಿರ್ಣಯಕ್ಕೆ ಕೊನೆಯ ಪ್ರಮಾಣವೆಂದು ಕೀಟಶಾಸ್ತ್ರಜ್ಞರು ನಂಬುವ ಜನನಾಂಗಗಳಲ್ಲಿಯೂ ವ್ಯತ್ಯಾಸ ಕಾಣಲಿಲ್ಲ. ಹುಳುಗಳಾದರೋ ಬೇರೆಬೇರೆ. ಕೆಲವು ಸೆನ್ನಾ ಎಂಬ ಕುಲದ ಗಿಡವನ್ನು ತಿನ್ನುವುವು. ಕನ್ನಡನಾಡಿನ ತಂಗಡಿಯೂ ಅದೇ ಕುಲದ್ದು. ಕೆಲವು ಟ್ರೈಗೋನಿಯಾ ಬಳ್ಳಿಯನ್ನು, ಕೆಲವು ಸೆಲ್ಟಿಸ್ ಮರವನ್ನು, ಕೆಲವು ದಾಸವಾಳದ ಬಳಗಕ್ಕೆ ಸೇರಿದ ಹ್ಯಾಂಪಿಯಾವನ್ನು ತಿನ್ನುವುವು. ಮೈಯ ಮೇಲಿನ ಬಣ್ಣದ ಗುರುತುಗಳೂ ಬಹುಪಾಲು ಬೇರೆಯೇ. ಬಳಿಕ ನಾನೂರಕ್ಕಿಂತ ಹೆಚ್ಚು ಚಿಟ್ಟೆಗಳ ಬಾರ್‌ಕೋಡನ್ನು ಓದಿ ನೋಡಿದಾಗ, ಎಲೆಯೂ ಹುಳುವೂ ಹೇಳುತ್ತಿದ್ದ ಭೇದಗಳು ಅಕ್ಷರಗಳಲ್ಲಿಯೂ ಗುಂಪುಗುಂಪಾಗಿ ತೋರಿದುವು. ಆ ಗುಂಪುಗಳಿಗೆ ಕರ್ತೃಗಳು ಟ್ರೈಗೊ, ಸೆಲ್ಟ್, ಸೆನ್ನೋವ್ ಎಂಬಂತೆ ಆಹಾರದ ಗಿಡದಿಂದಲೇ ತಾತ್ಕಾಲಿಕ ಹೆಸರುಗಳನ್ನು ಕಟ್ಟಿದರು. ಒಂದೇ ಹ್ಯಾಂಪಿಯಾವನ್ನು ಎತ್ತರದ ಕಾಡಿನಲ್ಲಿ ತಿನ್ನುವುದೂ ತಗ್ಗಿನಲ್ಲಿ ತಿನ್ನುವುದೂ ಬೇರೆಯೆಂದು ಕಂಡು ಎರಡು ಹೆಸರಿಟ್ಟರು.

ಇಷ್ಟು ಪ್ರಶಂಸೆಗೆ ಪಾತ್ರವಾದ ಕೃತಿಯಲ್ಲಿ ದೋಷವೆಲ್ಲಿ? ಮೊದಲನೆಯದು ಶಿರೋನಾಮೆಯಲ್ಲಿಯೇ ಇದೆ. ಹತ್ತು ಪ್ರಭೇದಗಳನ್ನು ‘ಬಾರ್‌ಕೋಡ್ ಬಯಲು ಮಾಡಿತು’ ಎಂದು ಅದು ಸಾರುತ್ತದೆ. ಕೃತಿಯ ಒಳಗನ್ನು ಓದಿದವರಿಗೆ ತೋರುವುದು ಬೇರೆ. ಹುಳು ಸಾಕಿದವರ ಟಿಪ್ಪಣಿಗಳಿಲ್ಲದೆ ಆ ಆರುನೂರೈವತ್ತು ಅಕ್ಷರಗಳನ್ನು ಮಾತ್ರ ಯಾರಾದರೂ ಓದಿದ್ದರೆ, ಯಾವ ಕೊಂಬೆಯನ್ನು ಪ್ರಭೇದವೆನ್ನಬೇಕು, ಯಾವುದನ್ನು ಒಂದು ಪ್ರಭೇದದೊಳಗಿನ ಸಹಜ ವೈವಿಧ್ಯವೆನ್ನಬೇಕು ಎಂಬುದು ತಿಳಿಯುತ್ತಿರಲಿಲ್ಲ. ಏಕೆಂದರೆ ಹತ್ತರಲ್ಲಿ ಕೆಲವು ಗುಂಪುಗಳ ನಡುವಣ ಅಂತರ ಕೆಲವೇ ಅಕ್ಷರಗಳಷ್ಟು. ಅಲ್ಲಿ ನಿರ್ಣಯ ಕೊಟ್ಟದ್ದು ಎಲೆಯೇ ಹೊರತು ಅಕ್ಷರವಲ್ಲ. ಕಾವ್ಯವನ್ನು ಕವಿ ಬರೆದಿರಲು ಕೀರ್ತಿಯನ್ನು ಲೇಖನಿಗೆ ಸಲ್ಲಿಸಿದಂತಾಯಿತು. ಕೃತಿಯ ಸಂಗ್ರಹಭಾಗದಲ್ಲಿ ಕರ್ತೃಗಳೇ, ಹಳೆಯ ವಿಧಾನಗಳೊಡನೆ ಕೂಡಿದಾಗ ಈ ಸಾಧನದ ಬೆಲೆ ಹೆಚ್ಚೆಂದು ಪ್ರಾಮಾಣಿಕವಾಗಿ ಹೇಳಿದ್ದಾರೆ. ಆದರೆ ಲೋಕವು ನೆನಪಿಟ್ಟುಕೊಂಡದ್ದು ಶಿರೋನಾಮೆಯನ್ನು.

ಎರಡನೆಯ ಆಕ್ಷೇಪವನ್ನು ಎತ್ತಿದವರು ಚಿಟ್ಟೆಗಳ ವಂಶವಿಚಾರದಲ್ಲಿ ಪಳಗಿದ ಆಂಡ್ರ್ಯೂ ಬ್ರೋವರ್. ೨೦೦೬ರಲ್ಲಿ ಅವರು ಅದೇ ಅಕ್ಷರಗಳನ್ನು ತೆಗೆದುಕೊಂಡು ಬೇರೆ ಕ್ರಮದಿಂದ ಪರಿಶೀಲಿಸಿ, ಅವು ಸಮರ್ಥಿಸುವ ಕವಲುಗಳು ಮೂರಕ್ಕೆ ಕಡಮೆಯಿಲ್ಲ, ಏಳಕ್ಕೆ ಹೆಚ್ಚಿಲ್ಲ ಎಂದು ತೀರ್ಮಾನಿಸಿದರು. ಒಂದೇ ಆಧಾರದಿಂದ ಒಬ್ಬರಿಗೆ ಹತ್ತು, ಇನ್ನೊಬ್ಬರಿಗೆ ಮೂರರಿಂದ ಏಳು ದೊರೆಯುವುದಕ್ಕೆ ಕಾರಣವಿದೆ. ಮೊದಲಿನವರು ಅನುಸರಿಸಿದ ಕ್ರಮವು ಒಟ್ಟು ಹೋಲಿಕೆಯನ್ನು ಲೆಕ್ಕಹಾಕಿ ಹತ್ತಿರದವುಗಳನ್ನು ಜೊತೆಗೂಡಿಸುತ್ತ ಹೋಗತಕ್ಕದ್ದು. ಅದು ಯಾವ ಸಾಮಗ್ರಿಯನ್ನು ಕೊಟ್ಟರೂ ಒಂದು ಮರವನ್ನು ಬರೆದೇ ತೀರುತ್ತದೆ. ಕೊಂಬೆ ಗಟ್ಟಿಯೋ ಟೊಳ್ಳೋ ಎಂಬುದನ್ನು ಅದು ತಾನಾಗಿ ಹೇಳುವುದಿಲ್ಲ. ಬ್ರೋವರ್ ಅನುಸರಿಸಿದ ಮಾರ್ಗವು ಗ್ರಂಥಸಂಪಾದಕರಿಗೆ ಪರಿಚಿತವಾದುದೇ. ಎರಡು ಪ್ರತಿಗಳಲ್ಲಿ ಸರಿಯಾದ ಪಾಠಗಳು ಸಮಾನವಾಗಿದ್ದರೆ ಅದರಿಂದ ವಿಶೇಷವೇನೂ ಸಿದ್ಧಿಸದು, ಮೂಲವನ್ನು ಉಳಿಸಿಕೊಂಡವೆಲ್ಲವೂ ಹಾಗಿರುವುವು. ಮೂಲದಲ್ಲಿ ಇಲ್ಲದ ಹೊಸ ಸ್ಖಾಲಿತ್ಯವೊಂದು ಎರಡರಲ್ಲಿಯೂ ಸಮಾನವಾಗಿದ್ದರೆ ಮಾತ್ರ ಅವೆರಡೂ ಒಂದೇ ಮಾತೃಕೆಯಿಂದ ಇಳಿದವೆಂದು ಹೇಳಬಹುದು. ಹೋಲಿಕೆ ಬೇರೆ, ಬಂಧುತ್ವ ಬೇರೆ. ಈ ವಿವೇಕವನ್ನು ಬ್ರೋವರ್ ನೆನಪಿಸಿದುದು ಉಪಕಾರವೇ ಸರಿ.

ಅವರು ತೋರಿಸಿದ ಮತ್ತೊಂದು ತೊಡಕು ತಾರ್ಕಿಕರ ಮೂರನೆಯ ದೋಷಕ್ಕೆ ಸಮೀಪದ್ದು. ಮೈಟೊಕಾಂಡ್ರಿಯದ ಲಿಪಿಯ ತುಣುಕುಗಳು ಹಿಂದೆ ಯಾವಾಗಲೋ ಕಣಕೇಂದ್ರದ ಗ್ರಂಥದೊಳಕ್ಕೆ ನಕಲಾಗಿ, ಅಲ್ಲಿ ನಿಷ್ಪ್ರಯೋಜಕವಾಗಿ ಉಳಿದಿರುವುದುಂಟು. ಪ್ರಯೋಗಶಾಲೆಯ ಯಂತ್ರವು ಕೆಲವೊಮ್ಮೆ ನಿಜವಾದ ತುಣುಕಿನ ಬದಲು, ಅಥವಾ ಅದರ ಜೊತೆಗೆ, ಈ ಹುಸಿನಕಲನ್ನು ಓದಿಬಿಡುತ್ತದೆ. ಗ್ವಾನಕಾಸ್ಟೆಯ ಗುಂಪುಗಳಲ್ಲಿ ಒಂದಕ್ಕೆ ಕರ್ತೃಗಳೇ ಈ ಹುಸಿನಕಲಿನ ಪಾರಿಭಾಷಿಕ ಹೆಸರಾದ ‘ನಮ್ಟ್’ ಎಂಬುದನ್ನಿಟ್ಟಿದ್ದರು. ಮೈಟೊಕಾಂಡ್ರಿಯದ ಲಕ್ಷಣವೆಂದು ಹೇಳಿದ್ದು ಮೈಟೊಕಾಂಡ್ರಿಯದಲ್ಲಿಯೇ ಇಲ್ಲದಿದ್ದರೆ ಅದು ಒಂಟಿಗೊರಸಿನ ಹಸುವಿನ ಲಕ್ಷಣವಾಗುತ್ತದೆ.

ಈ ವಿವಾದವು ವಿದ್ವಾಂಸರ ಕೊಠಡಿಯೊಳಗೆ ಮುಗಿಯುವಂಥದೆಂದು ವಾಚಕರು ಭಾವಿಸಬಹುದು. ಹಾಗಲ್ಲವೆಂಬುದಕ್ಕೆ ಉತ್ತರ ಅಮೆರಿಕಾದ ಒಂದು ನೀಲಿ ಚಿಟ್ಟೆಯ ಕಥೆಯೇ ಸಾಕ್ಷಿ. ‘ಲೊಲಿಟಾ’ ಕಾದಂಬರಿಯಿಂದ ಲೋಕಪ್ರಸಿದ್ಧನಾದ ವ್ಲದೀಮಿರ್ ನಬೊಕೊವ್ ೧೯೪೦ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯದಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು, ನೀಲಿ ಚಿಟ್ಟೆಗಳ ಗಂಡುಗಳ ಜನನಾಂಗಗಳನ್ನು ಅಳೆದು ಅವುಗಳ ವರ್ಗೀಕರಣ ಮಾಡಿದವನು. ನೀಲಿ ಚಿಟ್ಟೆಗಳು ಏಷ್ಯಾದಿಂದ ಬೇರಿಂಗ್ ಜಲಸಂಧಿಯ ದಾರಿಯಾಗಿ ಅಲೆಯಲೆಯಾಗಿ ಅಮೆರಿಕಾಕ್ಕೆ ಬಂದುವೆಂದು ಅವನು ೧೯೪೫ರಲ್ಲಿ ಊಹಿಸಿದುದನ್ನು ೨೦೧೧ರಲ್ಲಿ ಡಿ.ಎನ್.ಎ. ಪರೀಕ್ಷೆಯು ಎತ್ತಿಹಿಡಿಯಿತು. ಅವನೇ ನ್ಯೂಯಾರ್ಕ್ ಪ್ರಾಂತದ ಕಾರ್ನರ್ ಎಂಬ ಸ್ಥಳದ ಚಿಟ್ಟೆಯೊಂದನ್ನು ಮೆಲಿಸ್ಸಾ ನೀಲಿ ಎಂಬುದರ ಪ್ರತ್ಯೇಕ ಉಪಭೇದವೆಂದು ಗುರುತಿಸಿ ‘ಸ್ಯಾಮುಯೆಲಿಸ್’ ಎಂದು ಹೆಸರಿಟ್ಟನು. ಇದರ ಹುಳು ಕಾಡು ಲೂಪಿನ್ ಗಿಡವೊಂದನ್ನೇ ತಿನ್ನುತ್ತದೆ. ಆ ಗಿಡದ ಬಯಲುಗಳು ಮರೆಯಾದಂತೆ ಚಿಟ್ಟೆಯೂ ಕ್ಷೀಣಿಸಿತು. ೧೯೯೨ರಲ್ಲಿ ಅಮೆರಿಕಾ ಸರ್ಕಾರವು ಅದನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿ ಕಾನೂನಿನ ರಕ್ಷಣೆ ಕೊಟ್ಟಿತು. ಮೆಲಿಸ್ಸಾ ನೀಲಿಯಾದರೋ ಪಶ್ಚಿಮದಲ್ಲಿ ವಿಶಾಲವಾಗಿ ಹರಡಿರುವ ಚಿಟ್ಟೆ.

ಇಂತಿರಲು, ಮೈಟೊಕಾಂಡ್ರಿಯದ ಅಕ್ಷರಗಳನ್ನು ಓದಿದವರಿಗೆ ಒಂದು ಸೋಜಿಗ ಕಂಡಿತು. ಪೂರ್ವಭಾಗದ ಕಾರ್ನರ್ ನೀಲಿಗಳಲ್ಲಿ ಪ್ರತ್ಯೇಕವಾದ ಲಿಪಿಯಿತ್ತು. ಪಶ್ಚಿಮಭಾಗದ ಕಾರ್ನರ್ ನೀಲಿಗಳಲ್ಲಿ ಇದ್ದದ್ದು ಮೆಲಿಸ್ಸಾದ ಲಿಪಿಯೇ. ಬಾರ್‌ಕೋಡನ್ನೇ ಲಕ್ಷಣವೆಂದು ಹಿಡಿದರೆ ಪಶ್ಚಿಮದವುಗಳು ಸಾಮಾನ್ಯವಾದ ಮೆಲಿಸ್ಸಾ ಚಿಟ್ಟೆಗಳೆನಿಸಿ, ರಕ್ಷಣೆಯ ಹಕ್ಕಿನಿಂದಲೇ ಜಾರಿಹೋಗಬೇಕಾಗಿತ್ತು. ೨೦೦೬ರಲ್ಲಿ ಗೊಂಪರ್ಟ್ ಮತ್ತು ಅವರ ಸಂಗಡಿಗರು ೧೯೦ ಚಿಟ್ಟೆಗಳನ್ನು ತೆಗೆದುಕೊಂಡು, ಒಂದೇ ತುಣುಕಿಗೆ ಬದಲಾಗಿ ಇಡೀ ವಂಶಲಿಪಿಯಲ್ಲಿ ಚದುರಿರುವ ೧೪೩ ಗುರುತುಗಳನ್ನು ಪರಿಶೀಲಿಸಿದರು. ಆಗ ಪೂರ್ವಪಶ್ಚಿಮಗಳ ಕಾರ್ನರ್ ನೀಲಿಗಳು ಒಂದು ಕಡೆಗೂ ಮೆಲಿಸ್ಸಾ ಇನ್ನೊಂದು ಕಡೆಗೂ ಸ್ಪಷ್ಟವಾಗಿ ಬೇರ್ಪಟ್ಟುವು. ನಡೆದದ್ದಿಷ್ಟು: ಹಿಂದೊಮ್ಮೆ ಮೆಲಿಸ್ಸಾದ ತಾಯಿಯೊಂದು ಕಾರ್ನರ್ ನೀಲಿಯ ಗಂಡಿನೊಡನೆ ಕೂಡಿರಬೇಕು, ಅದರ ಸಂತತಿಯು ತಲೆತಲಾಂತರ ಕಾರ್ನರ್ ನೀಲಿಗಳಲ್ಲಿಯೇ ಬೆರೆತು ಉಳಿದೆಲ್ಲ ಲಿಪಿಯೂ ಕರಗಿಹೋದರೂ, ತಾಯಿಯಿಂದ ಮಗಳಿಗೆ ಇಳಿಯುವ ಆ ಒಂದು ಅಧ್ಯಾಯ ಮಾತ್ರ ಹಾಗೆಯೇ ಉಳಿಯಿತು. ಒಂದು ಪುರಾಣದ ಪ್ರತಿಯಲ್ಲಿ ಕಳೆದುಹೋದ ಸಂಧಿಯೊಂದರ ಜಾಗಕ್ಕೆ ಬೇರೊಂದು ಪುರಾಣದ ಗರಿಗಳು ಸೇರಿದ್ದರೆ, ಆ ಗರಿಗಳನ್ನು ಮಾತ್ರ ಓದಿ ಗ್ರಂಥದ ಹೆಸರು ಹೇಳಿದವನು ತಪ್ಪಿದಂತೆಯೇ ಇದು. ಮೆಲಿಸ್ಸಾದ ಗುರುತು ಕಾರ್ನರ್ ನೀಲಿಯ ಮೇಲೂ ಹರಿದದ್ದು ಅತಿವ್ಯಾಪ್ತಿ. ಕಾರ್ನರ್ ನೀಲಿಯ ಗುರುತು ತನ್ನವರಲ್ಲಿ ಅರ್ಧವನ್ನು ಮುಟ್ಟದೆ ಹೋದದ್ದು ಅವ್ಯಾಪ್ತಿ. ಒಂದೇ ಲಕ್ಷಣದಲ್ಲಿ ಎರಡು ದೋಷಗಳೂ ಕೂಡಿದುವು.

ಇದು ಅಪೂರ್ವವಾದ ಪ್ರಸಂಗವೂ ಅಲ್ಲ. ಅಮೆರಿಕಾದ ಅಪಲೇಚಿಯನ್ ಪರ್ವತಗಳಲ್ಲಿ ೨೦೦೨ರಲ್ಲಿ ಹೆಸರು ಪಡೆದ ಹುಲಿಪಟ್ಟೆಯ ಚಿಟ್ಟೆಯೊಂದನ್ನು, ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸಂಶೋಧನೆ ನಡೆಸಿದ ಕೃಷ್ಣಮೇಘ ಕುಂಟೆ ಮತ್ತು ಅವರ ಸಂಗಡಿಗರು ೨೦೧೧ರಲ್ಲಿ ಪರಿಶೀಲಿಸಿದಾಗ, ಅದು ಎರಡು ಪ್ರಭೇದಗಳ ಬೆರಕೆಯಿಂದ ಹುಟ್ಟಿದ ಮೂರನೆಯದೆಂದು ತಿಳಿಯಿತು. ಮಾತೃವಂಶದ ಲಿಪಿ ದಕ್ಷಿಣದ ಪ್ರಭೇದದ್ದು. ತಂಪು ನೆಲೆಯಲ್ಲಿ ಬಾಳುವ ಗುಣ ಉತ್ತರದ ಪ್ರಭೇದದ್ದು. ಮೈಟೊಕಾಂಡ್ರಿಯವೊಂದನ್ನೇ ಕೇಳಿದ್ದರೆ ಅದು ತಾಯಿಯ ಮನೆಯ ಕಥೆಯನ್ನು ಮಾತ್ರ ಹೇಳುತ್ತಿತ್ತು.

ಹಾಗಾದರೆ ಬಾರ್‌ಕೋಡ್ ನಿರರ್ಥಕವೇ, ಹಳೆಯ ಕಣ್ಣೇ ಸಾಕೇ ಎಂದು ಕೇಳಬಹುದು. ಆ ಪಕ್ಷವೂ ನಿಲ್ಲತಕ್ಕದ್ದಲ್ಲ. ಫಲ್ಜೆರೇಟರನ್ನು ೧೭೭೫ರಿಂದ ೨೦೦೪ರವರೆಗೆ ೨೨೯ ವರ್ಷಗಳ ಕಾಲ ಕಣ್ಣುಗಳೇ ನೋಡಿದ್ದುವು. ಅವು ಕಂಡದ್ದು ಒಂದನ್ನು ಮಾತ್ರ. ಹೆಬರ್ಟ್, ಬ್ರೋವರ್ ಇವರಲ್ಲಿ ಯಾರ ಲೆಕ್ಕವನ್ನು ಒಪ್ಪಿದರೂ ಅಲ್ಲಿ ಒಂದಕ್ಕಿಂತ ಹೆಚ್ಚಿವೆಯೆಂಬುದರಲ್ಲಿ ವಿವಾದವಿಲ್ಲ. ಅದೇ ಗ್ವಾನಕಾಸ್ಟೆಯ ಬೇರೊಂದು ಚಿಟ್ಟೆಯಲ್ಲಿ ಬಾರ್‌ಕೋಡೂ ಜೀವನಕ್ರಮವೂ ಸೇರಿ ಸೂಚಿಸಿದ್ದ ಮೂರು ಪ್ರಭೇದಗಳನ್ನು, ಜಾನ್‌ಜೆನ್ ಮತ್ತು ಸಂಗಡಿಗರು ೨೦೧೭ರಲ್ಲಿ ಕಣಕೇಂದ್ರದ ಸಮಗ್ರ ಲಿಪಿಯನ್ನು ಓದಿ ಸಮರ್ಥಿಸಿದರು. ಆದುದರಿಂದ ಅಕ್ಷರವು ಸುಳ್ಳು ಹೇಳುತ್ತದೆಂದಲ್ಲ. ತಾನು ಕಂಡಷ್ಟನ್ನು ಹೇಳುತ್ತದೆ. ಅದನ್ನು ಸಾಕ್ಷಿಯ ಕಟ್ಟೆಯಲ್ಲಿ ನಿಲ್ಲಿಸಿದರೆ ಅದು ಉಪಕಾರಿ. ನ್ಯಾಯಪೀಠದ ಮೇಲೆ ಕೂರಿಸಿದರೆ ಅಪಾಯ.

ವಿವಾದದ ಉಪಸಂಹಾರವು ವಿನೋದವಾಗಿದೆ. ಹತ್ತು ಗುಂಪುಗಳನ್ನು ಪ್ರಕಟಿಸಿದ ಕರ್ತೃಗಳು ಅವುಗಳಿಗೆ ಶಾಸ್ತ್ರೋಕ್ತವಾದ ಹೆಸರುಗಳನ್ನು ಇಟ್ಟಿರಲಿಲ್ಲ. ೨೦೧೦ರಲ್ಲಿ ಆ ಹತ್ತಕ್ಕೂ ಹೆಸರಿಟ್ಟವರು, ಹತ್ತೆಂಬುದನ್ನು ಒಪ್ಪದಿದ್ದ ಬ್ರೋವರ್ ಅವರೇ! ರೂಪವರ್ಣನೆಗೆ ಬದಲಾಗಿ ಬಾರ್‌ಕೋಡಿನ ಇಂತಿಂತಹ ಸ್ಥಾನದಲ್ಲಿ ಇಂತಿಂತಹ ಅಕ್ಷರವೆಂಬುದನ್ನೇ ಅವರು ಲಕ್ಷಣವಾಗಿ ಕೊಟ್ಟರು. ಇದು ಕೆಟ್ಟ ಮೇಲ್ಪಂಕ್ತಿಯೆಂದು ತಮ್ಮ ಲೇಖನದ ಶಿರೋನಾಮೆಯಲ್ಲಿಯೇ ಒಪ್ಪಿಕೊಂಡರು. ಹೆಸರಿಲ್ಲದ ಜೀವಿ ಶಾಸ್ತ್ರದ ಲೆಕ್ಕಕ್ಕೂ ಕಾನೂನಿನ ಲೆಕ್ಕಕ್ಕೂ ಬಾರದೆಂಬುದು ನಿಜ; ಆ ದೃಷ್ಟಿಯಿಂದ ಹೆಸರಿಟ್ಟದ್ದು ಸಾಹಸವೂ ಹೌದು, ವ್ಯಂಗ್ಯವೂ ಹೌದು. ಆದರೆ ಆ ಲಕ್ಷಣವನ್ನು ಎಷ್ಟು ಸಲ ಓದಿದರೂ ಕಾಡಿನಲ್ಲಿ ಎದುರಾದ ಚಿಟ್ಟೆಯನ್ನು ಯಾರೂ ಗುರುತಿಸಲಾರರು. ಪದ್ಯವನ್ನು ಬಿಟ್ಟು ಅದರ ಗಣಗಳ ಲೆಕ್ಕವನ್ನು ಮಾತ್ರ ಕೊಟ್ಟ ವ್ಯಾಖ್ಯಾನದಂತೆ ಅದು ಸರಿಯಾಗಿದ್ದೂ ಬರಿದು.

ಗ್ವಾನಕಾಸ್ಟೆಯ ಪ್ರಬಂಧವನ್ನು ಇಂದು ತೂಗಿ ನೋಡುವವರು ಅದರ ಸಂಖ್ಯೆಯನ್ನು ಸಂದೇಹಿಸಬಹುದು, ಶಿರೋನಾಮೆಯನ್ನು ಅತ್ಯುಕ್ತಿಯೆನ್ನಬಹುದು, ಮರ ಬರೆದ ಕ್ರಮವನ್ನು ಆಕ್ಷೇಪಿಸಬಹುದು. ಇವೆಲ್ಲ ಕಳೆದ ಮೇಲೂ ಉಳಿಯುವುದು ಆ ಹುಳುಗಳ ದಿನಚರಿ: ಯಾವ ಗಿಡ, ಯಾವ ಎತ್ತರ, ಯಾವ ಬಣ್ಣ, ಯಾವ ಚಿಟ್ಟೆ. ಯಂತ್ರವು ಮುಂದೆ ಆರುನೂರೈವತ್ತರ ಬದಲು ಕೋಟ್ಯಂತರ ಅಕ್ಷರಗಳನ್ನು ಓದಿದರೂ, ಆ ಓದಿಗೆ ಅರ್ಥ ಬರುವುದು ಇಂತಹ ದಿನಚರಿಯ ಪಕ್ಕದಲ್ಲಿಟ್ಟಾಗಲೇ. ಓದುವ ಯಂತ್ರಗಳಿಗೆ ಧನವನ್ನು ಧಾರಾಳವಾಗಿ ಕೊಡುವ ಸಂಸ್ಥೆಗಳು ಹುಳು ಸಾಕುವವರನ್ನು ಮರೆತರೆ, ಗ್ರಂಥವೆಲ್ಲ ಕೈಯಲ್ಲಿದ್ದು ಭಾಷೆ ತಿಳಿದವರು ಒಬ್ಬರೂ ಇಲ್ಲದಂತಾದೀತು.